ಜಾಲಿಮುಳ್ಳಿನ ವರ್ಷ

ದೊಡ್ಡಬಳ್ಳಾಪುರದ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಸಾಹೇಬರ ಅಂಗಡಿಯಲ್ಲಿ ಎರಡು ಗಡಿಯಾರಗಳು ಒಟ್ಟಿಗೆ ಗಂಟೆ ಹೊಡೆದದ್ದನ್ನು ನಾನು ಕೇಳಿಲ್ಲ. ಆದರೂ ಕಳೆದ ವರ್ಷ ಹೇಗಿತ್ತೆಂದು ಊರಿಗೆ ತೀರ್ಪು ಕೊಡುವವರು ಅವರೇ. ಪ್ರತಿ ಯುಗಾದಿಯ ಮಧ್ಯಾಹ್ನ ಗ್ರಾಮಫೋನನ್ನು ಜಗಲಿಗೆ ತಂದಿಟ್ಟು, ಆ ವರ್ಷಕ್ಕೆ ಸಲ್ಲುವ ಐದು ಹಾಡು ಕೇಳಿಸುತ್ತಿದ್ದರು. ಹೋಳಿಗೆ ಉಂಡ ನೇಕಾರರೆಲ್ಲ ಬಂದು ಕೂರುತ್ತಿದ್ದರು.

ಹಬ್ಬಕ್ಕೆ ಮೊದಲು ನಮ್ಮಂಥ ಹಾಡಿನ ಹುಚ್ಚರು ಪ್ಲೇಟು ಹಿಡಿದು ಶಿಫಾರಸಿಗೆ ಹೋದರೆ, ಸಾಹೇಬರು ಲುಂಗಿಯ ಅಂಚಿನಿಂದ ಅದನ್ನು ಒರೆಸಿ, ಕಣ್ಣು ಮುಚ್ಚಿ ಪೂರ್ತಿ ಕೇಳಿ, ವಾಪಸು ಕೊಡುತ್ತಿದ್ದರು. “ಹಾಡು ಚೆನ್ನಾಗೈತೆ ಸ್ವಾಮಿ, ಇದ್ರಲ್ಲಿ ವರ್ಷ ಎಲ್ಲೈತೆ?”

ಮಹಾಯುದ್ಧದಿಂದಾಗಿ ಗ್ರಾಮಫೋನಿನ ಸೂಜಿ ಸಿಗದೆಹೋದ ವರ್ಷ ಅವರು ಜಾಲಿಮುಳ್ಳನ್ನೇ ಚೂಪು ಮಾಡಿ ಸಿಕ್ಕಿಸಿದರು. ಆ ಸಲ ನನ್ನ ಪ್ಲೇಟು ಆಯ್ಕೆಯಾಗಿತ್ತು. ಹೆಮ್ಮೆಯಿಂದ ಮುಂದೆಯೇ ಕೂತೆ. ಹಾಡಿಗಿಂತ ಮುಳ್ಳಿನ ಕೆರೆತವೇ ಜೋರಾಗಿತ್ತು.

“ಏನ್ ಸಾಬ್ರೇ, ಕಡ್ಲೆ ಹುರಿದಂಗೆ ಕೇಳ್ತೈತೆ!” ಎಂದ ಒಬ್ಬ ನೇಕಾರ.

“ವರ್ಷ ಇದ್ದಿದ್ದೇ ಹಂಗಲ್ವೇನಪ್ಪಾ?” ಎಂದರು ಸಾಹೇಬರು.

ಯಾರೂ ಎದ್ದು ಹೋಗಲಿಲ್ಲ.

ಯುದ್ಧ ಮುಗಿದ ಮೇಲೆ ನಾನು ಬೆಂಗಳೂರಿನಿಂದ ಹೊಸ ಸೂಜಿಯ ಡಬ್ಬಿ ತಂದುಕೊಟ್ಟು, ಹಟ ಹಿಡಿದು ಅದೇ ಹಾಡು ಹಾಕಿಸಿದೆ. ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ಸಾಹೇಬರು ಕೊನೆಯವರೆಗೂ ಕಣ್ಣು ತೆರೆಯಲಿಲ್ಲ.

“ಈಗ ಹೆಂಗೈತೆ?” ಎಂದೆ.

“ಹಾಡು ಭಾಳ ಚೆನ್ನಾಗೈತೆ ಸ್ವಾಮಿ,” ಎಂದು ಪ್ಲೇಟನ್ನು ಒರೆಸಿ ನನ್ನ ಕೈಗಿಟ್ಟರು. “ವರ್ಷ ಹೋಗ್ಬಿಡ್ತು.”