ಗಂಧದ ಬೊಟ್ಟಿನ ಕೆಳಗಿನ ದೀಪ

ಯಾವ ಯಂತ್ರ ಬಂದರೂ ಅದರ ಗುಟ್ಟು ತಿಳಿಯುವವರೆಗೆ ತಿರುಪ್ಪೂರಿನ ನಮ್ಮ ಬನಿಯನ್ ಕಂಪನಿಯ ಮ್ಯಾನೇಜರಿಗೆ ಟೀ ಇಳಿಯುತ್ತಿರಲಿಲ್ಲ. "ಇದು ಎಂಗೆ ಓಡ್ತದೆ, ತಂಬಿ?" ಎಂದು ತಮಿಳು ಬೆರೆತ ಮನೆಗನ್ನಡದಲ್ಲಿ ನನ್ನನ್ನು ಕೇಳುತ್ತಲೇ ಇರುತ್ತಿದ್ದರು.

ಬ್ರಾಡ್‌ಬ್ಯಾಂಡ್ ಬಂದ ದಿನ, ನಾನು ಫೋನಿನ ತಂತಿ ಸಿಕ್ಕಿಸುವ ಮೊದಲೇ ಅವರು ರೂಟರಿಗೆ ಗಂಧ, ಕುಂಕುಮ ಹಚ್ಚಿದ್ದರು. ಕರೆಂಟಿನ ದೀಪ ಹತ್ತಿತು, ಲೈನ್ ಬಂದದ್ದನ್ನು ತೋರಿಸುವ ದೀಪ ಮಾತ್ರ ಕಾಣಲಿಲ್ಲ. ಸಂಜೆಯೊಳಗೆ ಬನಿಯನ್‌ಗಳ ಫೋಟೊ ಹೋಗದಿದ್ದರೆ ವಿದೇಶದ ಆರ್ಡರ್ ಕೈತಪ್ಪುತ್ತಿತ್ತು. ಲೈನೇ ಬಂದಿಲ್ಲವೆಂದು ನಾನು ಟೆಲಿಫೋನ್ ಆಫೀಸಿಗೆ ಫೋನಿನ ಮೇಲೆ ಫೋನ್ ಮಾಡಿದೆ. ಮ್ಯಾನೇಜರು ಕನ್ನಡಕ ಏರಿಸಿ ರೂಟರನ್ನೇ ನೋಡುತ್ತ ಕೂತರು.

ಮಧ್ಯಾಹ್ನ ಗಂಧ ಒಣಗಿ ಬಿರುಕು ಬಿಟ್ಟಿತು.

"ತಂಬಿ, ಬೊಟ್ಟಿನೊಳಗೆ ಪಚ್ಚೆ ಬೆಳಕು!" ಎಂದು ಕೂಗಿದರು.

ಲೈನ್ ಬೆಳಿಗ್ಗೆಯೇ ಬಂದಿತ್ತು; ಫೋಟೊಗಳು ಹೋದವು. ಆಮೇಲೆ ಯಾವ ಯಂತ್ರ ಬಂದರೂ ಅವರು ಗಂಧದ ಬಟ್ಟಲು ಹಿಡಿದು ಮೊದಲು ಕೇಳುತ್ತಿದ್ದರು: "ಇದಕ್ಕೆ ಕಣ್ಣು ಎಲ್ಲಿ, ತಂಬಿ?"