ಪ್ರುಡೆನ್ಸ್ ಅಜ್ಜಿಯ ಹಸಿರು ದಂಡೆ

ಹಳೆಯ ಪದ್ಧತಿಯಲ್ಲೇ ನಡೆಯುತ್ತಿರುವ ವರ್ಮಾಂಟಿನ ಆ ಫಾರ್ಮಿಗೆ ಡಿಸೆಂಬರಿನಲ್ಲಿ ಜನ ಬರುವುದು, ಬಾಗಿಲಿಗೆ ತೂಗುಹಾಕುವ, ಹಸಿರೆಲೆಯ ದುಂಡನೆಯ ಕ್ರಿಸ್‌ಮಸ್ ದಂಡೆ ಕಟ್ಟುವುದನ್ನು ಪ್ರುಡೆನ್ಸ್ ಅಜ್ಜಿಯಿಂದ ಬೈಸಿಕೊಂಡು ಕಲಿಯಲು. ಯಾರಾದರೂ ದಂಡೆಗೆ ಸಿಕ್ಕಿಸಲು ಚೀಲದಿಂದ ಪ್ಲಾಸ್ಟಿಕ್ ಹಣ್ಣು ತೆಗೆದರೋ, ಕೆಟ್ಟರು. "ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ ಕಣಮ್ಮಾ! ಬೇಲಿ ಆಚೆಯ ಒಂದು ಎಲೆಯನ್ನೂ ಸೇರಿಸ್ತಿರಲಿಲ್ಲ" ಎಂದು ಕಸಿದು ಏಪ್ರನ್ ಜೇಬಿಗಿಳಿಸುತ್ತಾಳೆ, ತಿಂಗಳು ಮುಗಿಯುವಷ್ಟರಲ್ಲಿ ಆ ಜೇಬು ಹಸುವಿನ ಕೆಚ್ಚಲಿನಂತೆ ಜೋತುಬಿದ್ದಿರುತ್ತದೆ. ದಂಡೆ ಕೂದಲೆಳೆಯಷ್ಟು ಸೊಟ್ಟಗಾದರೂ, "ಇದೇನು ದಂಡೆಯೋ, ಕಾಗೆ ಗೂಡೋ? ಬಿಚ್ಚು!" ಕೊಟ್ಟಿಗೆ ಕೆಲಸದ ಆಳು ಕ್ಯಾಲೆಬ್ ಕೂಡ ಟೋಪಿ ನೆಟ್ಟಗೆ ಮಾಡಿಕೊಂಡೇ ಅವಳೆದುರು ಬರುವುದು. ಮನೆಯ ಹೆಬ್ಬಾಗಿಲಿನ ದಂಡೆ ಮಾತ್ರ ಪ್ರತಿವರ್ಷ ಅವಳ ಕೈಯದೇ. ಈ ಸಲ ಕಟ್ಟುವಾಗ ಬೆರಳುಗಳು ನಡುಗಿದವು. ದಂಡೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಬೋಳಾಯಿತು. ನೋಡಲು ಬಂದ ಹೆಂಗಸೊಬ್ಬಳು "ಇದ್ಯಾಕೆ ಇಷ್ಟು ಸೊಟ್ಟಗಿದೆ?" ಎಂದಳು. ಅಜ್ಜಿ ಬಾಯಿ ತೆರೆಯುವ ಮೊದಲೇ ಕ್ಯಾಲೆಬ್ ಗಂಭೀರವಾಗಿ, "ಹಿಂದಿನ ಕಾಲದಲ್ಲಿ ಹೀಗೇ ಕಟ್ತಿದ್ದಿದ್ದು, ಮೇಡಂ" ಎಂದ. ಹಿಂದಿನ ಕಾಲದ ಬಗ್ಗೆ ಒಂದು ಸುಳ್ಳನ್ನೂ ಸಹಿಸದ ಅಜ್ಜಿ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಎರಡೂ ಕೈಗಳನ್ನು ಏಪ್ರನ್ ಜೇಬಿಗೆ ತೂರಿಸಿಕೊಂಡು, "ಹೌದು, ಹೀಗೇ ಕಟ್ತಿದ್ದಿದ್ದು" ಎಂದಳು. "ಕ್ಯಾಲೆಬ್, ಟೋಪಿ ನೆಟ್ಟಗೆ ಮಾಡ್ಕೋ."