ಹೆಚ್ಚಿದ ಮಾತ್ರೆ

ಹೆತ್ತ ಮಗಳನ್ನು ಎರಡು ವರ್ಷ ತುಂಬುವವರೆಗೂ ನಾನು ಸೊಂಟಕ್ಕೆ ಎತ್ತಿಕೊಂಡಿರಲಿಲ್ಲ. ನನಗೆ ಮೂರ್ಛೆರೋಗ. ಒಲೆ, ಬಾವಿ, ಮಗು, ಮೂರರ ಹತ್ತಿರವೂ ಒಬ್ಬಳೇ ಸುಳಿಯುವಂತಿರಲಿಲ್ಲ. ಹಾಲು ಕುಡಿಸುವಾಗಲೂ ಅತ್ತೆ ಪಕ್ಕದಲ್ಲೇ ಕಾವಲು ಕೂರುತ್ತಿದ್ದರು. ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿಗೆಲ್ಲ ಗೊತ್ತಿದ್ದ ಸಂಗತಿ ಇದು.

ಆಗ ಮೈಸೂರಿನ ಒಂದು ನರ್ಸಿಂಗ್ ಹೋಮಿನವರು ಹೊಸ ಮಾತ್ರೆ ಪರೀಕ್ಷಿಸಲು ನನ್ನಂಥವರನ್ನು ಹುಡುಕುತ್ತಿದ್ದರು. ಎಲ್ಲೆಲ್ಲೋ ಸಹಿ ಹಾಕಿಸಿಕೊಂಡು ಬಾಟಲಿ ಕೊಟ್ಟರು. ಒಳಗಿರುವುದು ಔಷಧಿಯೋ ಬರೀ ಹಿಟ್ಟೋ ತಮಗೂ ಗೊತ್ತಿಲ್ಲ ಎಂದರು. ಹಿಟ್ಟಾಗಿದ್ದರೆ ಐದು ತಿಂಗಳು ಒಂದು ಸಲವೂ ಬೀಳದೆ ಇರುತ್ತಿದ್ದೆನೇ? ಅತ್ತೆ ಆ ಬಾಟಲಿಯನ್ನು ದೇವರ ಗೂಡಿನಲ್ಲಿಟ್ಟರು. ಒಂದು ಬೆಳಿಗ್ಗೆ ಮಗುವನ್ನು ತಂದು, "ಎತ್ಕೊ, ನಿನ್ ಕೂಸು ಕಣವ್ವ" ಎಂದರು. ನಾನು ಗಳಗಳ ಅತ್ತುಬಿಟ್ಟೆ.

ಆರನೇ ತಿಂಗಳು ಡಾಕ್ಟರಿಗೆ ಎಲ್ಲಿಗೋ ಹೋಗಬೇಕಿತ್ತಂತೆ, ಮುಂದಿನ ಬಾಟಲಿ ಕೊಡುವ ನಮ್ಮ ತಾರೀಖನ್ನು ಹದಿನೈದು ದಿನ ಮುಂದೂಡಿದರು. ಅಷ್ಟು ದಿನಕ್ಕೆ ಮಾತ್ರೆ ಸಾಲಲಿಲ್ಲ. ಅತ್ತೆ ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದರು. ನಮ್ಮ ಕಡೆ ಅಕ್ಕಿ, ಉಪ್ಪು, ಅರಿಶಿನ ಖಾಲಿಯಾದರೆ ಮುಗಿಯಿತು ಎನ್ನುವುದಿಲ್ಲ, ಹೆಚ್ಚಿದೆ ಎನ್ನುತ್ತೇವೆ. ಸೊಸೆಯನ್ನು ಮನುಷ್ಯಳನ್ನಾಗಿ ಮಾಡಿದ ಮಾತ್ರೆಗೂ ಅತ್ತೆ ಅದೇ ಮರ್ಯಾದೆ ಕೊಟ್ಟರು.

"ಮಾತ್ರೆ ಹೆಚ್ಚವೆ ಕಣವ್ವ, ಏನ್ ಮಾಡ್ಲಿ?"

ಫೋನೆತ್ತಿದ ಹುಡುಗಿ ದೂರದ ಊರಿನವಳು. ಹೆಚ್ಚಿದ್ದರೆ ಪರವಾಗಿಲ್ಲ, ಹೇಳಿದ ದಿನವೇ ಬನ್ನಿ ಎಂದಳಂತೆ. ಅಷ್ಟು ದಿನ ಮಾತ್ರೆ ಇಲ್ಲದೆ ಇದ್ದರೂ ನಡೆಯುತ್ತದೆ ಎಂದುಕೊಂಡು ಅತ್ತೆ ನೆಮ್ಮದಿಯಿಂದ ಮನೆಗೆ ಬಂದರು.

ಮಾತ್ರೆ ನಿಂತ ಆರನೇ ದಿನ ಜಗುಲಿಯ ಮೇಲೆ ನಿಂತಿದ್ದೆ, ಮಗಳು ಸೊಂಟದ ಮೇಲಿದ್ದಳು. ಎಚ್ಚರವಾದಾಗ ಯಾರೋ ನನ್ನ ಕೈಗೆ ಕಬ್ಬಿಣ ತುರುಕಿದ್ದರು. ಅತ್ತೆ ಮಗಳ ಹುಬ್ಬಿಗೆ ಸೆರಗು ಒತ್ತಿ ಹಿಡಿದಿದ್ದರು. ಸೆರಗೆಲ್ಲ ರಕ್ತವಾಗಿತ್ತು.

ಮೈಸೂರಿಗೆ ಹೋದರೆ ನನ್ನ ಹೆಸರನ್ನೇ ಹೊಡೆದುಹಾಕಿದ್ದರು. ನಾನು ಮಾತ್ರೆ ನುಂಗದೆ ಉಳಿಸಿಕೊಂಡಿದ್ದೇನೆಂದು ಫೈಲಿನಲ್ಲಿತ್ತು. ಖಾಲಿ ಬಾಟಲಿ ತೋರಿಸಿದೆ. ಎಲ್ಲಾದರೂ ಚೆಲ್ಲಿರಬೇಕು ಎಂದರು. ಮಾತಿನ ಅರ್ಥ ಬಿಡಿಸಿ ಹೇಳಲು ಹೋದ ಅತ್ತೆಯನ್ನು ನೋಡಿ ಒಬ್ಬರು ನಕ್ಕರು. ಅವರ ಫೈಲಿಗಿಷ್ಟು ಬೆಂಕಿ ಹಾಕ! ಆ ಮಾತ್ರೆ ಯಾವ ಅಂಗಡಿಯಲ್ಲೂ ಇನ್ನೂ ಸಿಗುತ್ತಿರಲಿಲ್ಲ. ಹಳೆಯ ಮಾತ್ರೆಗೇ ಮರಳಿದೆ, ಬೀಳುವುದೂ ಮರಳಿತು.

ಮಗಳ ಗಾಯ ಬೇಗ ಮಾಯಿತು. ಆದರೆ ನಾನು ಕೈ ಚಾಚಿದರೆ ಅವಳು ಮೊದಲು ಅಜ್ಜಿಯ ಮುಖ ನೋಡುತ್ತಿದ್ದಳು. ಅತ್ತೆ ಹೋಗು ಎಂದೇ ಹೇಳುತ್ತಿದ್ದರು. ಅವಳೇ ಬರುತ್ತಿರಲಿಲ್ಲ.